ಎರಡು ಹೊಡೆತಗಳ ನಡುವಿನ ಹೊತ್ತಿಗೆ

ಹದಿನೆಂಟು ಕುಳಿಗಳ ಪೂರ್ತಿ ಸುತ್ತೊಂದನ್ನು ಆಡಿ ಮುಗಿಸಲು ನಾಲ್ಕು ಗಂಟೆಯಷ್ಟು ಹೊತ್ತು ಹಿಡಿಯುವ ಗಾಲ್ಫ್‌ನಲ್ಲಿ, ಸಾಧಾರಣ ಹವ್ಯಾಸಿ ಚೆಂಡಿಗೆ ಕೊಡುವ ಹೊಡೆತಗಳು ನೂರರ ಆಸುಪಾಸಿನಲ್ಲಿರುತ್ತವೆ. ಕೋಲನ್ನು ಹಿಂದಕ್ಕೆತ್ತಿ ಬೀಸುವುದಕ್ಕೆ ಒಂದೊಂದು ಸಲವೂ ಎರಡು ಸೆಕೆಂಡು ಸಾಕಾಗುವುದರಿಂದ, ಹೊಡೆಯುವುದರಲ್ಲೇ ಕಳೆದ ಕಾಲವನ್ನೆಲ್ಲ ಕೂಡಿಸಿದರೂ ಅದು ನಾಲ್ಕು ನಿಮಿಷ ದಾಟುವುದಿಲ್ಲ. ಉಳಿದ ಹೊತ್ತೆಲ್ಲ ನಡೆಯುವುದು, ಪೊದೆಯೊಳಗೆ ಚೆಂಡು ಹುಡುಕುವುದು, ಹುಲ್ಲಿನ ಎಸಳು ತೂರಿ ಗಾಳಿಯ ದಿಕ್ಕು ನೋಡುವುದು, ಕಳೆದ ಹೊಡೆತಕ್ಕೆ ಮರುಗುತ್ತ ಮುಂದಿನದರ ಮೇಲೆ ಆಸೆ ಕಟ್ಟಿಕೊಳ್ಳುವುದು, ಜೊತೆಯವರೊಡನೆ ಹರಟುವುದು, ಇವುಗಳಲ್ಲಿಯೇ ಸಂದುಹೋಗುತ್ತದೆ. ಗಾಲ್ಫ್ ಹುಚ್ಚು ಹತ್ತಿದವರಿಗೆ ಉಡುಗೊರೆ ಆರಿಸುವವರು, ಅವರ ಓದಿಗೆ ಪುಸ್ತಕ ಹುಡುಕುವವರು ಮೊದಲು ಗಮನಿಸಬೇಕಾದದ್ದು ಈ ಲೆಕ್ಕವನ್ನೇ. ಅಂಗಡಿಯ ಕಪಾಟುಗಳು ಆ ನಾಲ್ಕು ನಿಮಿಷಗಳನ್ನು ತಿದ್ದುವ ಸಾಮಗ್ರಿಗಳಿಂದ ತುಂಬಿರುತ್ತವೆ. ಆದರೆ ಪಡೆದವರು ಬಹುಕಾಲ ನೆನೆಯುವ ಉಡುಗೊರೆಗಳು ಹೆಚ್ಚಾಗಿ ನಾಲ್ಕು ಗಂಟೆಗಳಿಗೆ ಸೇರಿದವು.

ಹವ್ಯಾಸಿ ಎಂದರೆ ಹಣಕ್ಕಾಗಿ ಆಡದವರು ಎಂಬ ಸಾಮಾನ್ಯ ಅರ್ಥಕ್ಕೆ ಈ ಆಟದಲ್ಲಿ ನಿಯಮದ ಬಲವೂ ಇದೆ. 2022ರಿಂದ ಜಾರಿಯಲ್ಲಿರುವ ನಿಯಮದಂತೆ ಹವ್ಯಾಸಿಗಳು ಸ್ಪರ್ಧೆಯಲ್ಲಿ ಸ್ವೀಕರಿಸಬಹುದಾದ ಬಹುಮಾನಕ್ಕೆ 1000 ಡಾಲರಿನ ಗಡಿಯಿದೆ. ಮನೆಯವರು, ಗೆಳೆಯರು ಪ್ರೀತಿಯಿಂದ ಕೊಡುವುದಕ್ಕೆ ಅಂಥ ಗಡಿಯೇನೂ ಇಲ್ಲ. ನುರಿತ ಆಟಗಾರರಿಗೆ ಒಂದು ಕುಳಿಗೆ ಚೆಂಡು ಸೇರಿಸಲು ಇಷ್ಟು ಹೊಡೆತ ಸಾಕು ಎಂಬ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. ಹದಿನೆಂಟೂ ಕುಳಿಗಳದ್ದು ಸೇರಿ ಅದು ಸಾಮಾನ್ಯವಾಗಿ 72 ಆಗುತ್ತದೆ. ಅಷ್ಟು ಚೆನ್ನಾಗಿ ಆಡಲಾರದವರಿಗೆ ಅವರವರ ಶಕ್ತಿಗೆ ತಕ್ಕಂತೆ ಬಿಟ್ಟುಕೊಡುವ ಹೊಡೆತಗಳ ಲೆಕ್ಕವೇ ಹ್ಯಾಂಡಿಕ್ಯಾಪ್, 2020ರಲ್ಲಿ ಬಂದ ವಿಶ್ವ ಪದ್ಧತಿಯಲ್ಲಿ ಅದರ ಗರಿಷ್ಠ ಮಿತಿ 54. ಹೀಗೆ ಅಜ್ಜ ಮೊಮ್ಮಗಳೊಡನೆ, ಹೊಸಬರು ಹಳಬರೊಡನೆ ಸಮನಾಗಿ ಸ್ಪರ್ಧಿಸುವುದಕ್ಕೆ ಆಟವೇ ಏರ್ಪಾಟು ಮಾಡಿಕೊಟ್ಟಿರುವಾಗ, ಉಡುಗೊರೆಯು ಯಾರ ಆಟವನ್ನೂ ರಿಪೇರಿ ಮಾಡಬೇಕಾಗಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಆರಂಭವಾದದ್ದು. ಮೈಸೂರು, ಕೊಡಗು, ಚಿಕ್ಕಮಗಳೂರುಗಳಲ್ಲಿಯೂ ಆಟದ ಮೈದಾನಗಳಿರುವುದರಿಂದ, ಇಂಥ ಉಡುಗೊರೆಗಾಗಿ ತಲೆ ಕೆಡಿಸಿಕೊಳ್ಳುವ ಮನೆಗಳು ಕರ್ನಾಟಕದಲ್ಲಿಯೂ ಕಡಿಮೆಯೇನಿಲ್ಲ.

ಮೊದಲಿಗೆ ಕೊಡಬಾರದ್ದನ್ನು ಹೇಳಿಬಿಡುವುದು ಒಳ್ಳೆಯದು. ಕ್ಲಬ್ ಎಂದು ಕರೆಯುವ ಆಡುವ ಕೋಲನ್ನು ಆಡುವವರನ್ನು ಕೇಳದೆ ಕೊಳ್ಳುವುದು ದುಬಾರಿಯ ತಪ್ಪು. ಕೋಲಿನ ಉದ್ದ, ಅದರ ಕಾಂಡ ಬಾಗುವ ಪ್ರಮಾಣ, ತಲೆಯು ನೆಲಕ್ಕೆ ಕೂರುವ ಕೋನ, ಹಿಡಿಯ ದಪ್ಪ, ಇವು ನಾಲ್ಕೂ ಆಟಗಾರರ ಎತ್ತರ, ಕೈಯ ಅಳತೆ, ಬೀಸಿನ ವೇಗಗಳಿಗೆ ಹೊಂದಬೇಕಾದುವು. ಅದೂ ಅಲ್ಲದೆ ಒಂದು ಸುತ್ತಿಗೆ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳಿರಬಾರದೆಂದು ನಿಯಮವಿರುವುದರಿಂದ ಹೊಸದೊಂದು ಬಂದರೆ ಹಳೆಯದೊಂದು ಹೊರಗುಳಿಯಬೇಕಾಗುತ್ತದೆ. ಅಷ್ಟು ಖರ್ಚು ಮಾಡುವ ಮನಸ್ಸಿದ್ದವರು ಒಳ್ಳೆಯ ತರಬೇತುದಾರರ ಬಳಿ ಕೆಲವು ಪಾಠಗಳಿಗೆ ಹಣ ಕಟ್ಟಿಕೊಟ್ಟರೆ ಅದು ಕೋಲಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಕೈಗವಸು ಕೊಡುವವರೂ ಒಂದನ್ನು ತಿಳಿದಿರಬೇಕು: ಬಲಗೈ ರೂಢಿಯವರು ಗವಸನ್ನು ಎಡಗೈಗೆ ಮಾತ್ರ ತೊಡುವುದರಿಂದ ಅದು ಜೋಡಿಯಾಗಿ ಅಲ್ಲ, ಒಂಟಿಯಾಗಿ ಮಾರಾಟವಾಗುತ್ತದೆ, ಮಳೆಯಲ್ಲಿ ಆಡುವಾಗ ತೊಡುವ ಗವಸು ಮಾತ್ರ ಸಾಮಾನ್ಯವಾಗಿ ಎರಡೂ ಕೈಗಳಿಗೆ ಬರುತ್ತದೆ.

ಚೆಂಡುಗಳನ್ನು ಎಷ್ಟು ಕೊಟ್ಟರೂ ಹೆಚ್ಚಾಗುವುದಿಲ್ಲ, ಏಕೆಂದರೆ ಕೆರೆಯೂ ಪೊದೆಯೂ ಅವುಗಳನ್ನು ಬಿಡದೆ ನುಂಗುತ್ತಿರುತ್ತವೆ. ಹಲವು ಪದರಗಳ ಮೇಲೆ ಮೆತ್ತನೆಯ ಯುರೇಥೇನ್ ಹೊದಿಕೆಯುಳ್ಳ ದುಬಾರಿ ಚೆಂಡು ನುರಿತವರ ಕೈಯಲ್ಲಿ ಚೆನ್ನಾಗಿ ತಿರುಗಿ, ಬಿದ್ದಲ್ಲೇ ನಿಲ್ಲುತ್ತದೆ. ಎರಡೇ ಪದರಗಳ, ಗಟ್ಟಿ ಹೊದಿಕೆಯ ಅಗ್ಗದ ಚೆಂಡು ಹೊಸಬರಿಗೆ ಸಾಕು, ಕಳೆದುಹೋದರೂ ಮನಸ್ಸಿಗೆ ಅಷ್ಟು ನಾಟುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಚೆಂಡಿನ ಮೇಲೆ ಗುರುತು ಹಾಕಿಕೊಳ್ಳಬೇಕೆಂದು ಆಟದ ನಿಯಮಾವಳಿ ಹೇಳುತ್ತದೆ. ಒಂದೇ ಕಂಪನಿಯ, ಒಂದೇ ಸಂಖ್ಯೆಯ ಎರಡು ಚೆಂಡುಗಳು ಹುಲ್ಲಿನಲ್ಲಿ ಅಕ್ಕಪಕ್ಕ ಬಿದ್ದಾಗ ಯಾವುದು ಯಾರದೆಂದು ತಿಳಿಯದೆ ಬೇರೆಯವರ ಚೆಂಡನ್ನು ಹೊಡೆದವರಿಗೆ ದಂಡ ಬೀಳುತ್ತದೆ. ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಡಜನ್ ಚೆಂಡುಗಳು, ವಿಶೇಷವಾಗಿ ಹೊರದೇಶದಲ್ಲಿ ಆಡುವ ಕನ್ನಡಿಗರಿಗೆ, ನಿಯಮಕ್ಕೂ ಒಪ್ಪುವ ಉಡುಗೊರೆ: ಟೆಕ್ಸಾಸ್‌ನ ಹುಲ್ಲಿನಲ್ಲಿ ‘ಕ್ಷ’ ಎಂದು ಬರೆದ ಚೆಂಡನ್ನು ಬೇರೆ ಯಾರೂ ತಮ್ಮದೆನ್ನಲಾರರು.

ಇನ್ನೂ ಅಗ್ಗದ್ದು ಟೀ, ಅಂದರೆ ಮೊದಲ ಹೊಡೆತಕ್ಕೆ ಚೆಂಡನ್ನು ನೆಲದಿಂದ ಎತ್ತಿ ಕೂರಿಸುವ ಪುಟ್ಟ ಗೂಟ. ಹಿಂದೆ ಆಟಗಾರರು ಒದ್ದೆ ಮರಳನ್ನು ಚಿಟಿಕೆಯಲ್ಲಿ ತೆಗೆದು ಗುಡ್ಡೆ ಮಾಡಿ ಅದರ ಮೇಲೆ ಚೆಂಡಿಡುತ್ತಿದ್ದರು. ಬಾಸ್ಟನ್‌ನ ದಂತವೈದ್ಯ, ಹಾರ್ವರ್ಡ್‌ನಲ್ಲಿ ಪಾಠ ಹೇಳಿದ ಕಪ್ಪು ವರ್ಣೀಯ ವಿದ್ವಾಂಸ ಜಾರ್ಜ್ ಗ್ರಾಂಟ್ ಮರದ ಗೂಟಕ್ಕೆ 1899ರಲ್ಲಿ ಪೇಟೆಂಟ್ ಪಡೆದರಾದರೂ ಅದನ್ನು ಮಾರಲು ಹೋಗದೆ ಜೊತೆಗಾರರಿಗೆ ಹಂಚುತ್ತಿದ್ದರು. ಕಾಲು ಶತಮಾನದೊಳಗೆ ನ್ಯೂಜೆರ್ಸಿಯ ಇನ್ನೊಬ್ಬ ದಂತವೈದ್ಯ ವಿಲಿಯಂ ಲೋವೆಲ್ ತಮ್ಮದೇ ಗೂಟವನ್ನು ಕೆಂಪು ಬಣ್ಣದಲ್ಲಿ ಮಾರುಕಟ್ಟೆಗೆ ತಂದು ಬಳಕೆಗೆ ಹಚ್ಚಿದರು. ಹುಟ್ಟಿದಾಗಲೇ ಉಡುಗೊರೆಯಾಗಿದ್ದ ಈ ವಸ್ತುವನ್ನು ಒಂದು ಪುಟ್ಟ ಡಬ್ಬಿಯಲ್ಲಿ ತುಂಬಿ, ಗ್ರಾಂಟರ ಕಥೆಯನ್ನು ಎರಡು ಸಾಲು ಬರೆದು ಕೊಟ್ಟರೆ, ಕೊಟ್ಟದ್ದರ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ.

ಎರಡು ಹಲ್ಲಿನ ಪುಟ್ಟ ಲೋಹದ ಉಪಕರಣವೊಂದಿದೆ. ಎತ್ತರದಿಂದ ಬಿದ್ದ ಚೆಂಡು ಕುಳಿಯ ಸುತ್ತಲಿನ ಗ್ರೀನ್ ಎಂಬ ನುಣುಪು ಹುಲ್ಲುಹಾಸಿನ ಮೇಲೆ ಮಾಡುವ ತಗ್ಗನ್ನು ಸರಿಪಡಿಸಲು ಅದು ಬೇಕು. ಅದನ್ನು ಬಳಸುವ ಬಗೆ ಹಲವು ಹಳಬರಿಗೂ ತಿಳಿದಿರುವುದಿಲ್ಲ. ತಗ್ಗಿನ ನಡುವೆ ಚುಚ್ಚಿ ಮಣ್ಣನ್ನು ಮೇಲಕ್ಕೆ ಮೀಟಿದರೆ ಹುಲ್ಲಿನ ಬೇರು ಹರಿದು ಅಲ್ಲೊಂದು ಬೋಳು ಕಲೆ ಉಳಿಯುತ್ತದೆ. ಅಂಚಿನ ಹೊರಗೆ ಊರಿ, ಸುತ್ತಲಿನ ಹುಲ್ಲನ್ನು ನಡುವಿಗೆ ತಳ್ಳಿ, ಕೋಲಿನ ಬುಡದಿಂದ ತಟ್ಟಿ ಸಮಮಾಡಿದರೆ ಗಾಯ ಬೇಗ ಮಾಯುತ್ತದೆ. ಮುಂದೆ ಬರುವ ಅಪರಿಚಿತರ ಆಟಕ್ಕಾಗಿ ಮಾಡುವ ಈ ಕೆಲಸದಲ್ಲಿ ಗಾಲ್ಫ್‌ನ ಸಜ್ಜನಿಕೆಯೆಲ್ಲ ಅಡಗಿದೆ ಎಂದರೂ ತಪ್ಪಲ್ಲ.

ಮನೆಯೊಳಗೆ ಆಡಲು ನೆರವಾಗುವ ಉಡುಗೊರೆಗಳಲ್ಲಿ ಪಟಿಂಗ್ ಚಾಪೆಗೆ ಮೊದಲ ಸ್ಥಾನ. ಗ್ರೀನ್ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವ ಮೆಲುಹೊಡೆತಕ್ಕೆ ಪಟ್ ಎನ್ನುತ್ತಾರೆ. ಸುತ್ತಿನ ಹೊಡೆತಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇವೇ ಆಗಿರುತ್ತವೆ. ಕುಳಿಯ ಅಡ್ಡಳತೆ 108 ಮಿಲಿಮೀಟರ್, ಚೆಂಡಿನದು ಸುಮಾರು 43. ಚಾಪೆ ಕೊಳ್ಳಲಾಗದಿದ್ದರೆ ಜಮಖಾನದ ಮೇಲೆ ಸ್ಟೀಲ್ ಲೋಟವೊಂದನ್ನು ಅಡ್ಡ ಮಲಗಿಸಿದರೂ ಆದೀತು; ನಿಜವಾದ ಕುಳಿಗಿಂತ ಕಿರಿದಾದ ಆ ಬಾಯಿಗೆ ಗುರಿಯಿಟ್ಟು ಅಭ್ಯಾಸವಾದವರಿಗೆ ಮೈದಾನದ ಕುಳಿ ಅಗಲವಾಗಿ ಕಾಣತೊಡಗುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಲ್ಲಿ ಬಹುಮಂದಿಗಿಂತ ಚೆಂಡನ್ನು ಕಡಿಮೆ ದೂರ ಹೊಡೆಯುತ್ತಿದ್ದರೂ, ಪಟಿಂಗ್ ಬಲದಿಂದಲೇ ಕೊನೆಯ ದಿನದವರೆಗೆ ಪದಕದ ಸ್ಪರ್ಧೆಯಲ್ಲಿ ಉಳಿದು, ಒಂದೇ ಹೊಡೆತದ ಅಂತರದಿಂದ ನಾಲ್ಕನೆಯವರಾದುದನ್ನು ಕಂಡವರಿಗೆ ಈ ಅಭ್ಯಾಸದ ಬೆಲೆ ಬೇರೆ ಹೇಳಬೇಕಾಗಿಲ್ಲ.

ನಗಿಸುವ ಉಡುಗೊರೆಗಳೂ ಬೇಕಾದಷ್ಟಿವೆ. ಹೊಡೆದೊಡನೆ ಬಿಳಿ ಹುಡಿಯಾಗಿ ಹಾರುವ ಚೆಂಡು ಹುಟ್ಟುಹಬ್ಬದ ಬೆಳಗಿನ ಮೊದಲ ಹೊಡೆತಕ್ಕೆ ಚೆನ್ನಾಗಿ ಒಪ್ಪುತ್ತದೆ; ಜೊತೆಯವರು ಮೊದಲೇ ಮಾತಾಡಿಕೊಂಡು ಚೆಂಡು ಬದಲಿಸಿಟ್ಟರೆ ಇಡೀ ಗುಂಪು ನಗುನಗುತ್ತಲೇ ಸುತ್ತನ್ನು ಆರಂಭಿಸುತ್ತದೆ. ಈ ಆಟದಲ್ಲಿ ಉಡುಗೊರೆ ಕೊಡುವ ಸರದಿ ಕೆಲವೊಮ್ಮೆ ಆಡುವವರಿಗೂ ಬರುತ್ತದೆ. ಮೊದಲ ಹೊಡೆತದಲ್ಲೇ ಚೆಂಡು ಕುಳಿಗೆ ಬಿದ್ದರೆ, ಅಂದರೆ ಹೋಲ್ ಇನ್ ಒನ್ ಆದರೆ, ಆಡಿದವರೇ ಎಲ್ಲರಿಗೂ ಪಾನೀಯ ಕೊಡಿಸಬೇಕೆಂಬುದು ಹಳೆಯ ವಾಡಿಕೆ. ಜಪಾನಿನಲ್ಲಿ ಈ ವಾಡಿಕೆ ಔತಣ, ಕಾಣಿಕೆಗಳವರೆಗೆ ಬೆಳೆದು, ಅದರ ಖರ್ಚು ಭರಿಸಲು ಹವ್ಯಾಸಿಗಳು ವಿಮೆಯನ್ನೇ ಮಾಡಿಸುತ್ತಾರೆ.

ಓದಿನ ವಿಷಯಕ್ಕೆ ಬಂದರೆ, ಗಾಲ್ಫ್‌ನಷ್ಟು ಒಳ್ಳೆಯ ಬರಹಗಾರರನ್ನು ಸೆಳೆದ ಆಟಗಳು ವಿರಳ; ಎರಡು ಹೊಡೆತಗಳ ನಡುವೆ ಯೋಚಿಸಲು ಅಷ್ಟು ಬಿಡುವಿರುವುದೇ ಅದಕ್ಕೆ ಕಾರಣವಿರಬಹುದು. ಮೊದಲು ಕೊಡಬೇಕಾದದ್ದು ಪಿ. ಜಿ. ವುಡ್‌ಹೌಸ್. 1922ರ ‘ದ ಕ್ಲಿಕಿಂಗ್ ಆಫ್ ಕತ್‌ಬರ್ಟ್’ ಮತ್ತು 1926ರ ‘ದ ಹಾರ್ಟ್ ಆಫ್ ಎ ಗೂಫ್’ ಎಂಬ ಎರಡು ಸಂಕಲನಗಳಲ್ಲಿ ಬಹುತೇಕ ಕಥೆಗಳನ್ನು ಹೇಳುವವರು ಕ್ಲಬ್ಬಿನ ಅತಿ ಹಿರಿಯ ಸದಸ್ಯರು; ತಾವು ಆಡುವುದನ್ನು ಬಿಟ್ಟ ಈ ವೃದ್ಧರು ಕಂಗೆಟ್ಟು ಬಂದ ಕಿರಿಯರನ್ನು ಹಿಡಿದು ಕೂರಿಸಿ, ಅವರು ತಪ್ಪಿಸಿಕೊಳ್ಳಲು ನೋಡಿದರೂ ಬಿಡದೆ ಕಥೆ ಹೇಳುತ್ತಾರೆ. ಮೊದಲ ಸಂಕಲನದ ಶೀರ್ಷಿಕೆ ಕಥೆಯಲ್ಲಿ, ಗಾಲ್ಫ್ ಬಿಟ್ಟರೆ ಬೇರೇನೂ ಅರಿಯದ ತರುಣನೊಬ್ಬ ಸಾಹಿತ್ಯಗೋಷ್ಠಿಗಳ ಹುಡುಗಿಯನ್ನು ಮೆಚ್ಚಿ ಮೂಲೆಗುಂಪಾಗಿರುತ್ತಾನೆ. ಊರಿಗೆ ಬಂದ ರಷ್ಯದ ಘನಗಂಭೀರ ಕಾದಂಬರಿಕಾರ ಸಾಹಿತಿಗಳನ್ನೆಲ್ಲ ಬದಿಗೊತ್ತಿ ಆ ತರುಣನ ಆಟವನ್ನೇ ಕೊಂಡಾಡತೊಡಗಿದಾಗ ಗೋಷ್ಠಿಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಆಟವನ್ನೇ ಅರಿಯದ ಮನೆಯವರೂ ಈ ಕಥೆಗಳನ್ನು ನಕ್ಕು ಓದಬಹುದಾದ್ದರಿಂದ, ಕೊಡುವವರು ಮೊದಲು ತಾವು ಓದಿ ಆಮೇಲೆ ಕೊಟ್ಟರೂ ನಷ್ಟವಿಲ್ಲ.

ಕಲಿಸುವ ಪುಸ್ತಕಗಳಲ್ಲಿ ಹಾರ್ವಿ ಪೆನಿಕ್ಕರ ‘ಲಿಟಲ್ ರೆಡ್ ಬುಕ್’ ತನ್ನದೇ ಆದ ಬಗೆಯದು. ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಎಳೆಯ ವಯಸ್ಸಿಗೇ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಸೇರಿ ಅಲ್ಲೇ ಗುರುವಾದ ಪೆನಿಕ್, ದಶಕಗಟ್ಟಲೆ ಕೆಂಪು ರಟ್ಟಿನ ನೋಟ್‌ಬುಕ್ ಒಂದರಲ್ಲಿ ತಾವು ಕಂಡದ್ದನ್ನು ಗುರುತು ಹಾಕಿಕೊಂಡು, ಮಗನ ಹೊರತು ಯಾರಿಗೂ ತೋರಿಸದೆ ಇಟ್ಟಿದ್ದರು. ಎಂಬತ್ತು ದಾಟಿದ ಮೇಲೆ ಲೇಖಕ ಬಡ್ ಶ್ರೇಕ್ ಅವರ ನೆರವಿನಿಂದ ಅದು 1992ರಲ್ಲಿ ಪುಸ್ತಕವಾಯಿತು. ಪ್ರಕಾಶಕರು 90,000 ಡಾಲರ್ ಮುಂಗಡದ ಮಾತೆತ್ತಿದಾಗ, ಅಷ್ಟು ಹಣವನ್ನು ತಾವೇ ಕಟ್ಟಬೇಕೆಂದು ತಿಳಿದು ಆ ಹಿರಿಯರು ಚಿಂತೆಗೆ ಬಿದ್ದರೆಂದು ಹೇಳುತ್ತಾರೆ. ಪುಟ್ಟ ಪುಟ್ಟ ಟಿಪ್ಪಣಿಗಳ ಈ ಪುಸ್ತಕ ಎಲ್ಲಿ ತೆರೆದರೂ ಓದಿಸಿಕೊಳ್ಳುತ್ತದೆ. ಸಲಹೆಯನ್ನು ಮಾತ್ರೆಯಂತೆ ಅಳತೆಯಲ್ಲಿ ತೆಗೆದುಕೊಳ್ಳಬೇಕೇ ಹೊರತು ಇಡೀ ಸೀಸೆಯನ್ನು ಒಮ್ಮೆಗೇ ನುಂಗಬಾರದೆಂಬ ಅವರ ಎಚ್ಚರಿಕೆ ಅದರ ಗುಣವನ್ನೇ ತಿಳಿಸುತ್ತದೆ. 1995ರ ಏಪ್ರಿಲ್ 2ರಂದು ಪೆನಿಕ್ ತೀರಿಕೊಂಡರು. ಬಾಲ್ಯದಿಂದ ಅವರ ಶಿಷ್ಯರಾಗಿದ್ದ ಬೆನ್ ಕ್ರೆನ್‌ಶಾ ಮಾಸ್ಟರ್ಸ್ ಪಂದ್ಯಾವಳಿಯ ಹಿಂದಿನ ದಿನ ಗುರುಗಳ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಬಂದು, ಆ ಭಾನುವಾರ ಆ ಪಂದ್ಯಾವಳಿಯನ್ನೇ ಗೆದ್ದು, ಕೊನೆಯ ಗ್ರೀನ್ ಮೇಲೆ ಮುಖ ಮುಚ್ಚಿಕೊಂಡು ಬಿಕ್ಕಿದರು.

ಬೆನ್ ಹೋಗನ್‌ರ 1957ರ ‘ಫೈವ್ ಲೆಸನ್ಸ್’ ಇದಕ್ಕೆ ತೀರ ಬೇರೆ. ಹಿಡಿತ, ನಿಲುವು, ಬೀಸುಗಳನ್ನು ಸ್ನಾಯು ಸ್ನಾಯುವಾಗಿ ವಿವರಿಸುವ ಈ ಪುಸ್ತಕದ ಆ್ಯಂಟನಿ ರೇವಿಯೆಲ್ಲಿ ಚಿತ್ರಗಳಿಗಾಗಿಯಾದರೂ ಅದನ್ನು ಇಟ್ಟುಕೊಳ್ಳಬಹುದು, ಆದರೆ ಹೊಸಬರಿಗೆ ಮೊದಲ ಉಡುಗೊರೆಯಾಗಿ ಕೊಡುವಂಥದ್ದಲ್ಲ. ಹದಿಹರೆಯದವರಿಗೆ ಮಾರ್ಕ್ ಫ್ರಾಸ್ಟ್‌ರ ‘ದ ಗ್ರೇಟೆಸ್ಟ್ ಗೇಮ್ ಎವರ್ ಪ್ಲೇಯ್ಡ್’ ಒಪ್ಪುತ್ತದೆ: 1913ರ ಅಮೆರಿಕನ್ ಓಪನ್‌ನಲ್ಲಿ ಮೈದಾನದ ಎದುರು ಮನೆಯ ಇಪ್ಪತ್ತರ ಹವ್ಯಾಸಿ ಫ್ರಾನ್ಸಿಸ್ ವೀಮೆಟ್, ಹತ್ತು ವರ್ಷದ ಕ್ಯಾಡಿ ಹುಡುಗನೊಬ್ಬನನ್ನು ಜೊತೆಗಿಟ್ಟುಕೊಂಡು ಇಂಗ್ಲೆಂಡಿನ ಘಟಾನುಘಟಿಗಳಾದ ಹ್ಯಾರಿ ವಾರ್ಡನ್, ಟೆಡ್ ರೇ ಇಬ್ಬರನ್ನೂ ಸೋಲಿಸಿದ ನಿಜವಾದ ಕಥೆ ಅದರಲ್ಲಿದೆ. ಅಧ್ಯಾತ್ಮದ ಒಲವಿರುವವರಿಗೆ ಮೈಕೆಲ್ ಮರ್ಫಿ ಅವರ 1972ರ ‘ಗಾಲ್ಫ್ ಇನ್ ದ ಕಿಂಗ್‌ಡಮ್’ ಇಷ್ಟವಾಗಬಹುದು. 1956ರಲ್ಲಿ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಹೊರಟ ಮರ್ಫಿ ದಾರಿಯಲ್ಲಿ ಸ್ಕಾಟ್ಲೆಂಡಿನಲ್ಲಿಳಿದು ಆಡಿದ್ದರು. ಆ ಆಟದ ನೆನಪು, ಆಶ್ರಮದ ಧ್ಯಾನ ಎರಡೂ ಬೆರೆತು ಶಿವಾಸ್ ಐರನ್ಸ್ ಎಂಬ ಗುರುವಿನ ಪಾತ್ರ ಹುಟ್ಟಿದಂತೆ ತೋರುತ್ತದೆ.

ಹಣ ಬೇಡದ ಉಡುಗೊರೆಯೂ ಒಂದಿದೆ: ಆಡುವವರ ಜೊತೆ ಒಂದು ಸುತ್ತು ನಡೆಯುವುದು. ಅದಿತಿಯವರ ಚೀಲವನ್ನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆಯೂ ಟೋಕಿಯೊದಲ್ಲಿ ತಾಯಿಯೂ ಹೊತ್ತು ನಡೆದಿದ್ದರು. ಜೊತೆಗೆ ಹೋಗುವವರು ಮೈದಾನದ ಕಚೇರಿಯಲ್ಲಿ ಮೊದಲೇ ಒಪ್ಪಿಗೆ ಪಡೆದು, ಚಪ್ಪಟೆ ಅಟ್ಟೆಯ ಶೂ ಧರಿಸಿ, ಹೊಡೆಯುವವರ ಬೆನ್ನ ಹಿಂದೆ ನಿಲ್ಲದೆ, ಚೆಂಡಿಗೂ ಕುಳಿಗೂ ನಡುವಿನ ಗೆರೆಯನ್ನು ತುಳಿಯದೆ, ಅದರ ಮೇಲೆ ನೆರಳೂ ಬೀಳದಂತೆ ನೋಡಿಕೊಂಡರೆ ಸಾಕು. ಸ್ಪರ್ಧೆಯ ದಿನ ಕ್ಯಾಡಿಯಲ್ಲದವರಿಂದ ಆಟಗಾರರು ಸಲಹೆ ಕೇಳುವಂತಿಲ್ಲ, ಆದರೆ ಚೆಂಡು ಹುಡುಕಿಕೊಡಲು ಯಾರ ಅಡ್ಡಿಯೂ ಇಲ್ಲ. ಮೊದಲು ಐದು ನಿಮಿಷವಿದ್ದ ಹುಡುಕಾಟದ ಗಡುವು 2019ರಿಂದ ಮೂರಕ್ಕೆ ಇಳಿದಿರುವುದರಿಂದ, ಚೆಂಡು ಬಿದ್ದ ದಿಕ್ಕಿನ ಮರವನ್ನೋ ಬಂಡೆಯನ್ನೋ ಗುರುತಿಟ್ಟುಕೊಂಡು ನೆಟ್ಟಗೆ ಅಲ್ಲಿಗೆ ನಡೆಯುವವರೊಬ್ಬರು ಜೊತೆಗಿದ್ದರೆ ಆಟಗಾರರಿಗೆ ದಂಡದ ಹೊಡೆತವೊಂದು ಉಳಿಯುತ್ತದೆ.