ಆಟದ ಪೆಟ್ಟಿಗೆಯೊಳಗಿನ ಸಾಮಾನ್ಯ ಗಣಕ

ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿಯ ಚೀಲವನ್ನು ತೂಗಿದ ಕಾಟಾದ ಮೇಲೆಯೇ ಮರುಕ್ಷಣ ಉದ್ದಿನ ಚೀಲವನ್ನೂ ಇಡುವರು. ಧಾನ್ಯಕ್ಕೊಂದು ಕಾಟಾ ಬೇಕೆಂದು ಯಾರಾದರೂ ಹೇಳಿದರೆ ಅಡತ್ ವ್ಯಾಪಾರಿಗಳು ನಕ್ಕಾರು. ಆದರೆ ನಾಣ್ಯ ಹಾಕಿ ಆಡುವ ವಿದ್ಯುನ್ಮಾನ ಆಟಗಳ ಲೋಕದಲ್ಲಿ ಆಟಕ್ಕೊಂದು ಯಂತ್ರವೆಂಬ ಪದ್ಧತಿಯೇ ಬಹುಕಾಲ ನಡೆದು ಬಂದಿತು.

1972ರಲ್ಲಿ ಅಟಾರಿ ಕಂಪನಿಯು ಹೊರತಂದ 'ಪಾಂಗ್' ಯಂತ್ರದಲ್ಲಿ ಗಣಕವೇ ಇರಲಿಲ್ಲ. ಚೆಂಡು ಪುಟಿಯುವ ನಿಯಮವೆಲ್ಲವೂ ವಿದ್ಯುನ್ಮಂಡಲಗಳ ಜೋಡಣೆಯಲ್ಲಿಯೇ ಅಡಗಿತ್ತು. 1978ರಲ್ಲಿ ಜಪಾನಿನ ಟೈಟೊ ಕಂಪನಿಯು 'ಸ್ಪೇಸ್ ಇನ್ವೇಡರ್ಸ್' ಆಟಕ್ಕೆ ಇಂಟೆಲ್ 8080 ಎಂಬ ಸಂಸ್ಕಾರಕವನ್ನು ಬಳಸಿತು. ಇದರಲ್ಲೊಂದು ಸ್ವಾರಸ್ಯವಿದೆ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತಿತ್ತು. ಪ್ರತಿ ಸಲಕ್ಕೂ ಒಬ್ಬ ವೈರಿ ಮಾತ್ರ ಸರಿಯುತ್ತಿದ್ದನು. 55 ವೈರಿಗಳಿರುವಾಗ ಎಲ್ಲರ ಸರದಿ ಮುಗಿಯಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಒಬ್ಬನೇ ಉಳಿದನೆನ್ನಿ, ಪ್ರತಿ ಸಲವೂ ಅವನದೇ ಸರದಿ! ಆಟಗಾರನ ಎದೆ ಹೊಡೆದುಕೊಳ್ಳುವಂತೆ ಮಾಡಿದ ಆ ವೇಗವು ಯಂತ್ರದ ಮಿತಿಯಿಂದಲೇ ಹುಟ್ಟಿದ್ದು.

ಮುಂದೆ ಮೂರು ಆಯಾಮಗಳ ಚಿತ್ರಗಳು ಬಂದವು. 1996ರ ಸೆಗಾ 'ಮಾಡೆಲ್ 3' ಫಲಕಕ್ಕೆ ವಿಶೇಷ ಚಿತ್ರಸಂಸ್ಕಾರಕಗಳೇ ಬೇಕಾದವು. ಅಷ್ಟರಲ್ಲಿ ಮನೆಮನೆಯ ಗಣಕಗಳಿಗಾಗಿ ಲಕ್ಷಗಟ್ಟಲೆ ತಯಾರಾಗುತ್ತಿದ್ದ ಚಿತ್ರಫಲಕಗಳು ಅಗ್ಗವೂ ಸಮರ್ಥವೂ ಆದವು. ಹೀಗಿರಲು ಸ್ವಂತ ಫಲಕವನ್ನು ಏಕೆ ರಚಿಸಬೇಕು? 2004ರಲ್ಲಿ ಅದೇ ಟೈಟೊ ಕಂಪನಿ 'ಟೈಪ್ ಎಕ್ಸ್' ಎಂಬ ವ್ಯವಸ್ಥೆಯನ್ನು ತಂದಿತು: ಇಂಟೆಲ್ ಸೆಲೆರಾನ್ ಸಂಸ್ಕಾರಕ, ವಿಂಡೋಸ್ ಎಕ್ಸ್‌ಪಿಯ ಒಂದು ರೂಪ, ಹಾರ್ಡ್ ಡಿಸ್ಕ್. ಮರುವರ್ಷ ಬಂದ ಸೆಗಾದ 'ಲಿಂಡ್‌ಬರ್ಗ್' ಪೆಂಟಿಯಮ್ 4 ಮತ್ತು ಲಿನಕ್ಸನ್ನು ಆಶ್ರಯಿಸಿತು.

ಲಾಭವೆಷ್ಟೆಂದು ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 20 ಲಕ್ಷ ಮಿಡಿತಗಳ 8080ಕ್ಕೆ ಒಂದು ಚಿತ್ರದ ಅವಧಿಯಲ್ಲಿ, ಎಂದರೆ 16.7 ಮಿಲಿಸೆಕೆಂಡಿನಲ್ಲಿ, ದೊರೆಯುತ್ತಿದ್ದುದು ಸುಮಾರು 33 ಸಾವಿರ ಮಿಡಿತ. ಲಿಂಡ್‌ಬರ್ಗಿನ 300 ಕೋಟಿ ಮಿಡಿತಗಳಲ್ಲಿ ಅದೇ ಅವಧಿಯ ಪಾಲು 5 ಕೋಟಿ! ಆದರೆ ಹಳೆಯ ಯಂತ್ರಕ್ಕೆ ಒಡೆಯನೊಬ್ಬನೇ, ಅದು ಆಟ. ಹೊಸದರಲ್ಲಿ ನಡುವೆ ಕಾರ್ಯವ್ಯವಸ್ಥೆಯೆಂಬ ಮೇಲ್ವಿಚಾರಕನಿದ್ದಾನೆ. ಅವನು ಬೇರೆ ಕೆಲಸಕ್ಕೆ ತಿರುಗಿ ಕೆಲವು ಮಿಲಿಸೆಕೆಂಡು ತಡಮಾಡಿದರೂ ಒಂದು ಚಿತ್ರ ತಪ್ಪಿ ಕಣ್ಣಿಗೆ ಎಡವಿದಂತಾಗುತ್ತದೆ. ಆದುದರಿಂದಲೇ ಇಂತಹ ಯಂತ್ರಗಳಲ್ಲಿ ಅವನ ಅನಾವಶ್ಯಕ ಕೆಲಸಗಳನ್ನು ಕಡಿಮೆಮಾಡುವುದು ವಾಡಿಕೆ.

ಬಿಡಿಭಾಗಗಳು ಪೇಟೆಯಲ್ಲಿ ಸಿಗುವವೆಂದ ಮೇಲೆ ನಕಲುಗಾರನ ಭಯವೂ ಹುಟ್ಟಿತು. ಟೈಪ್ ಎಕ್ಸ್‌ಗೆ ಬೆರಳುದ್ದದ ಎಲೆಕ್ಟ್ರಾನಿಕ್ ಕೀಲಿಯೊಂದನ್ನು ಜೋಡಿಸಿದರು. ಅದನ್ನು ಸಿಕ್ಕಿಸದೆ ಆಟ ತೆರೆಯದು. ಇಲ್ಲಿಯೇ ನನಗೆ ಚಿಂತೆ. ಹಳೆಯ ಫಲಕದ ಆಟವು ಚಲಿಸುವ ಭಾಗಗಳಿಲ್ಲದ ಸ್ಮೃತಿ ಚಿಪ್ಪುಗಳಲ್ಲಿತ್ತು. ಇಲ್ಲಿ ಅದು ತಿರುಗುವ ತಟ್ಟೆಯ ಮೇಲಿದೆ, ತಿರುಗುವುದು ಸವೆಯುತ್ತದೆ. ಸೆಲೆರಾನ್ ಕೆಟ್ಟರೆ ಹಳೆಯ ಗಣಕವೊಂದರಿಂದ ಕಿತ್ತು ಹಾಕಬಹುದು. ಕೀಲಿ ಕೆಟ್ಟರೆ, ಉಳಿದ ಭಾಗಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಪರದೆಯ ಮೇಲೆ ಕಾಣುವುದು ದೋಷಸೂಚನೆಯೊಂದೇ.