ಒಂದೂವರೆ ಟಿಕೆಟ್ಟಿನಲ್ಲಿ ಮನೆಮಂದಿಯೆಲ್ಲ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದರು ಹಿರಿಯರು. ಸುತ್ತಲು ಹಣ ಎಲ್ಲಿಂದ ತರಬೇಕು ಎಂಬುದನ್ನು ಮಾತ್ರ ಹೇಳದೆ ಬಿಟ್ಟರು. ತಿಂಗಳ ಕೊನೆಯ ವಾರದಲ್ಲಿ ಕಿಸೆ ತಡಕಿಕೊಳ್ಳುವ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ರಜೆ ಹತ್ತಿರ ಬಂದಾಗ. ‘ಈ ಸಲ ಬೇಡ, ಬರುವ ವರ್ಷ ನೋಡೋಣ’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಬರುವ ವರ್ಷವೇನೋ ಬರುತ್ತದೆ. ಅದರ ಬೆನ್ನಿಗೇ ಶಾಲೆಯ ಶುಲ್ಕ, ಮನೆ ಬಾಡಿಗೆ, ನೆಂಟರ ಮದುವೆಯ ಮುಯ್ಯಿಯೂ ಬರುತ್ತವೆ.

ಹೀಗೆ ಮುಂದೂಡುವುದಕ್ಕೂ ಒಂದು ಮಿತಿ ಇದೆ. ಮಗಳು ಒಂಬತ್ತನೆಯ ತರಗತಿ ದಾಟಿದರೆ ಎಸ್ಸೆಸ್ಸೆಲ್ಸಿ. ಆಮೇಲೆ ಪಿಯುಸಿ, ಸಿಇಟಿ, ಕೊನೆಗೆ ಯಾವುದೋ ಊರಿನ ಹಾಸ್ಟೆಲ್. ಇತ್ತ ಅಜ್ಜಿಯ ಮಂಡಿನೋವು ವರ್ಷದಿಂದ ವರ್ಷಕ್ಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಹೊರಡಬಹುದಾದ ವರ್ಷಗಳು ಬೆರಳೆಣಿಕೆಯಷ್ಟು. ದುಡ್ಡು ಕೂಡಿ ಬರುವ ಹೊತ್ತಿಗೆ ಜನ ಕೂಡಿ ಬರುವುದಿಲ್ಲ. ಹಾಗೆಂದು ಸಾಲ ಮಾಡಿ ತುಪ್ಪ ತಿನ್ನಬೇಕಾಗಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿಯೂ ಸಾಕಷ್ಟು ದೂರ ಹೋಗಿ ಬರಲು ಸಾಧ್ಯವಿದೆ.

ಮೊದಲು ಹಣ, ಆಮೇಲೆ ಊರು

ಬಹಳ ಮಂದಿ ಮೊದಲು ಊರನ್ನು ಆರಿಸುತ್ತಾರೆ, ಆಮೇಲೆ ಹಣಕ್ಕೆ ಪರದಾಡುತ್ತಾರೆ. ಇದನ್ನು ತಿರುವಿ ಹಾಕಿದರೆ ಅರ್ಧ ತಾಪತ್ರಯ ಕಡಿಮೆ. ತಿಂಗಳಿಗೆ 500 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 6,000. ಇದನ್ನು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿಟ್ಟರೆ ಗ್ಯಾಸ್ ಸಿಲಿಂಡರಿಗೋ ಔಷಧಿಗೋ ಹೋಗುವ ಸಂಭವವೇ ಹೆಚ್ಚು. ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌.ಡಿ. ಖಾತೆ ತೆರೆದರೆ ಕೈಗೆ ಸುಲಭವಾಗಿ ಸಿಗುವುದಿಲ್ಲ, ನಾಲ್ಕು ಕಾಸು ಬಡ್ಡಿಯೂ ಬರುತ್ತದೆ.

ಕೂಡಿದ ಹಣವನ್ನು ಐದು ಲಕೋಟೆಗಳಲ್ಲಿ ಹಂಚುವುದು ಹಳೆಯ ಕಾಲದ ಗೃಹಿಣಿಯರ ಕ್ರಮ: ಹೋಗಿ ಬರುವ ಖರ್ಚು, ವಸತಿ, ಊಟ, ಅಲ್ಲಿನ ಓಡಾಟ, ಆಪತ್ತಿಗೆ. ಐದನೆಯ ಲಕೋಟೆಯನ್ನು ಮರಳಿ ಮನೆ ಸೇರುವ ತನಕ ತೆರೆಯಬಾರದು. ಸಾಮಾನ್ಯವಾಗಿ ಹೆಚ್ಚು ನುಂಗುವುದು ಮೊದಲ ಎರಡು ಲಕೋಟೆಗಳು. ಉಳಿತಾಯ ಮಾಡಬೇಕಾದ್ದೂ ಅಲ್ಲೇ. ಮಗುವಿನ ಐಸ್‌ಕ್ರೀಮಿಗೆ ಕತ್ತರಿ ಹಾಕಿದರೆ ಉಳಿಯುವುದು ಅಳು ಮಾತ್ರ.

ಹಂಪಿಯ ಲೆಕ್ಕ

ಬೆಂಗಳೂರಿನ ಐವರ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಪ್ಪ, ಅಮ್ಮ, 68ರ ಅಜ್ಜಿ, 14ರ ಮಗಳು, 9ರ ಮಗ. ಹೋಗಬೇಕಾದ ಊರು, 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ. ಪಠ್ಯಪುಸ್ತಕದಲ್ಲಿ ಮಕ್ಕಳು ಓದಿರುವ, ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ದಿನವೂ ಕಾಣುವ ಕಲ್ಲಿನ ರಥದ ಊರು.

ಹೋಗುವ ದಾರಿ ಎರಡು. ಮೊದಲನೆಯದು ಸರ್ಕಾರಿ ಬಸ್ಸು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ಕರ್ನಾಟಕದ ನಿವಾಸಿ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತ, ಸ್ಲೀಪರ್ ಮುಂತಾದ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಅಜ್ಜಿ, ಅಮ್ಮ, ಮಗಳಿಗೆ ದುಡ್ಡಿಲ್ಲ. ಅಪ್ಪನಿಗೆ ಒಂದು ಟಿಕೆಟ್, ಹನ್ನೆರಡು ತುಂಬದ ಮಗನಿಗೆ ಅರ್ಧ. ಅಂದರೆ ಒಂದೂವರೆ ಟಿಕೆಟ್ಟಿನಲ್ಲಿ ಐದು ಜನ! ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ತಾತ ಜೊತೆಗಿದ್ದರೆ ಅವರಿಗೂ ನಿಗಮದ ಬಸ್ಸಿನಲ್ಲಿ ಹಿರಿಯ ನಾಗರಿಕರ ಶೇಕಡ 25 ರಿಯಾಯಿತಿ ಉಂಟು.

ಆದರೆ ಅಗ್ಗವಾದದ್ದೆಲ್ಲ ಅನುಕೂಲವಲ್ಲ. ಸುಮಾರು 340 ಕಿಲೋಮೀಟರ್ ದೂರವನ್ನು ರಾತ್ರಿಯೆಲ್ಲ ಕುಳಿತೇ ಕಳೆದರೆ ಅಜ್ಜಿಯ ಕಾಲು ಊದಿಕೊಂಡೀತು. ಮರುದಿನ ಅವರು ಲಾಡ್ಜಿನಲ್ಲೇ ಮಲಗಬೇಕಾಗಿ ಬಂದರೆ ಉಳಿಸಿದ ದುಡ್ಡಿಗೆ ಅರ್ಥವಿಲ್ಲ. ಆಗ ಎರಡನೆಯ ದಾರಿ ರೈಲು. ಮೈಸೂರು–ಹುಬ್ಬಳ್ಳಿ ನಡುವಿನ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ. ಹೋಗುವಾಗಲೂ ಬರುವಾಗಲೂ ರಾತ್ರಿ ಪ್ರಯಾಣವಾದರೆ ಎರಡು ದಿನ ಸುತ್ತಾಡಲು ಒಂದೇ ರಾತ್ರಿಯ ಲಾಡ್ಜ್ ಬಾಡಿಗೆ ಸಾಕು. ಹೋಗುವಾಗ ರೈಲು, ಬರುವಾಗ ಹಗಲು ಬಸ್ಸು ಎಂದು ಎರಡನ್ನೂ ಬೆರೆಸುವವರೂ ಇದ್ದಾರೆ.

ರೈಲಿನ ಕೆಲವು ನಿಯಮಗಳು

ರೈಲ್ವೆ ನಿಯಮಗಳನ್ನು ತಿಳಿಯದೆ ಕೈ ಸುಟ್ಟುಕೊಳ್ಳುವವರು ಬಹಳ. 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. 5ರಿಂದ 12ರೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ದರ. ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಒಂಬತ್ತರ ಮಗ ಅಮ್ಮನ ಪಕ್ಕದಲ್ಲಿ ಮುದುರಿ ಮಲಗಬಲ್ಲನೇ ಎಂಬುದನ್ನು ಮನೆಯವರೇ ನಿರ್ಧರಿಸಬೇಕು.

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ 45 ದಾಟಿದ ಮಹಿಳೆಯರಿಗೂ 60 ದಾಟಿದ ಪುರುಷರಿಗೂ ಕೆಳಗಿನ ಬರ್ತ್ ಕೋಟಾ ಇದೆ. ಒಬ್ಬರೇ, ಇಲ್ಲವೇ ಅದೇ ವಯೋಮಾನದ ಇಬ್ಬರು ಒಂದು ಟಿಕೆಟ್ಟಿನಲ್ಲಿ ಹೋದಾಗ ಮಾತ್ರ ಇದು ದೊರೆಯುವುದು. ಐವರನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಅಜ್ಜಿಗೆ ಮೇಲಿನ ಬರ್ತ್ ಬಂದರೂ ಆಶ್ಚರ್ಯವಿಲ್ಲ. ಅಜ್ಜಿಯ ಟಿಕೆಟ್ಟನ್ನು ಬೇರೆಯಾಗಿಯೇ ತೆಗೆದು ಕೆಳಗಿನ ಬರ್ತ್ ಕೇಳುವುದು ಜಾಣತನ.

2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ದಸರಾ ರಜೆಗೆ ಹೊರಡುವವರು ಆಗಸ್ಟ್‌ನಲ್ಲೇ ಕ್ಯಾಲೆಂಡರ್ ನೋಡಬೇಕು. ಕೊನೆಯ ಗಳಿಗೆಯ ‘ತತ್ಕಾಲ್’ ನೆಚ್ಚಿದರೆ ಐವರ ಹೆಚ್ಚುವರಿ ಶುಲ್ಕದಲ್ಲಿ ಒಂದು ದಿನದ ಊಟವೇ ಹೋದೀತು.

ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿಯೂ ಒಂದಿದೆ. ಹಾಸ್ಟೆಲಿನಿಂದ ಊರಿಗೆ ಹೋಗುವ ಮತ್ತು ಶೈಕ್ಷಣಿಕ ಪ್ರವಾಸ ಹೊರಡುವ ವಿದ್ಯಾರ್ಥಿಗಳಿಗೆ ಎರಡನೆಯ ದರ್ಜೆ ಮತ್ತು ಸ್ಲೀಪರಿನಲ್ಲಿ ರಿಯಾಯಿತಿ ಉಳಿದುಕೊಂಡಿದೆ. ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಸಹಿಯ ಪ್ರಮಾಣಪತ್ರ ಬೇಕು. ಮನೆಯವರೊಡನೆ ವಿಹಾರಕ್ಕೆ ಹೋಗುವಾಗ ಇದು ಸಿಗದು.

ಊರಿಗೆ ಇಳಿದ ಮೇಲೆ

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಸರ್ಕಾರಿ ಬಸ್ಸು ಆಗಾಗ ಇದೆ. ಇಲ್ಲಿಯೂ ಅದೇ ಒಂದೂವರೆ ಟಿಕೆಟ್. ಹೊಸಪೇಟೆಯಲ್ಲಿ ಬಸ್ ನಿಲ್ದಾಣದ ಹತ್ತಿರವೇ ಕೋಣೆ ಹಿಡಿದರೆ ಆಟೋ ಖರ್ಚು ಉಳಿಯುತ್ತದೆ.

ಹಂಪಿಯ ದೊಡ್ಡ ಗುಣವೆಂದರೆ ಅಲ್ಲಿ ನೋಡುವುದರಲ್ಲಿ ಬಹುಪಾಲು ಬಿಟ್ಟಿ. ಹೇಮಕೂಟ, ಸಾಸಿವೆಕಾಳು ಮತ್ತು ಕಡಲೆಕಾಳು ಗಣೇಶ, ಉಗ್ರ ನರಸಿಂಹ, ಬಡವಿಲಿಂಗ, ಹಜಾರರಾಮ ದೇಗುಲ, ಮಹಾನವಮಿ ದಿಬ್ಬ, ಇವು ಯಾವುದಕ್ಕೂ ಟಿಕೆಟ್ ಇಲ್ಲ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆಕೋಣೆಯ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ವಿಜ್ಞಾನದ ಪಾಠದಲ್ಲಿ ಸೂಜಿರಂಧ್ರ ಕ್ಯಾಮೆರಾ ಓದಿದ ಮಗಳು ಅದನ್ನು ತಮ್ಮನಿಗೆ ವಿವರಿಸಬಹುದು.

ಟಿಕೆಟ್ ಬೇಕಾಗುವುದು ವಿಜಯವಿಠ್ಠಲ ದೇವಾಲಯಕ್ಕೆ ಮತ್ತು ಕಮಲ ಮಹಲ್ ಇರುವ ರಾಣಿವಾಸದ ಆವರಣಕ್ಕೆ. ತಲೆಗೆ 40 ರೂಪಾಯಿ. 15 ವರ್ಷದೊಳಗಿನವರಿಗೆ ಉಚಿತ. ಐವರಿಗೆ ಒಟ್ಟು 120 ರೂಪಾಯಿ. ಒಂದೇ ದಿನ ಎರಡನ್ನೂ ನೋಡಿದರೆ ಅದೇ ಟಿಕೆಟ್ ಸಾಕು, ಆದ್ದರಿಂದ ಚೀಟಿಯನ್ನು ಬಿಸಾಡಬಾರದು. ವಿಠ್ಠಲ ದೇವಾಲಯದ ಬಳಿ ಬ್ಯಾಟರಿ ವಾಹನವಿರುವುದರಿಂದ ಅಜ್ಜಿ ಬಿಸಿಲಲ್ಲಿ ನಡೆಯಬೇಕಾಗಿಲ್ಲ. ದೂರದ ಸ್ಮಾರಕಗಳಿಗೆ ಆಟೋ ಬೇಕೆನಿಸಿದರೆ, ಯಾವ ಯಾವ ಜಾಗ, ಎಷ್ಟು ಹೊತ್ತು, ಒಟ್ಟು ಎಷ್ಟು ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು.

ಏಪ್ರಿಲ್–ಮೇ ತಿಂಗಳಲ್ಲಿ ಹಂಪಿಯ ಬಂಡೆಗಳು ಕಾದ ಕಾವಲಿ. ಬೇಸಿಗೆ ರಜೆಗೆ ಮಲೆನಾಡನ್ನೋ ಕರಾವಳಿಯನ್ನೋ ಇಟ್ಟುಕೊಂಡು, ಹಂಪಿಯನ್ನು ದಸರಾ ರಜೆಗೆ ಮೀಸಲಿಡುವುದು ಆರೋಗ್ಯಕ್ಕೂ ಕಿಸೆಗೂ ಹಿತ. ಬಿಸಿಲಿಗೆ ಬಳಲಿದವರ ಖರ್ಚೆಲ್ಲ ತಂಪು ಪಾನೀಯಕ್ಕೇ ಸರಿ.

ಬುತ್ತಿ ಎಂಬ ಬಂಡವಾಳ

ಹಿಂದೆ ರೈಲು ಹತ್ತುವವರ ಕೈಯಲ್ಲಿ ನೀರಿನ ಕೂಜಾ ಮತ್ತು ಬುತ್ತಿ ಇಲ್ಲದಿರುತ್ತಿರಲಿಲ್ಲ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಮೊದಲ ದಿನಕ್ಕೆ. ಕೋಡುಬಳೆ, ಒಗ್ಗರಣೆ ಅವಲಕ್ಕಿ ಎರಡನೆಯ ದಿನಕ್ಕೆ. ಐವರು ಹೋಟೆಲಿನಲ್ಲಿ ಮೂರು ಹೊತ್ತು ತಿಂದರೆ ಆಗುವ ಬಿಲ್ಲಿಗೂ, ಮಧ್ಯಾಹ್ನ ಒಂದು ಹೊತ್ತು ಹೋಟೆಲ್ ಊಟ ಮಾಡಿ ಉಳಿದದ್ದನ್ನು ಬುತ್ತಿಯಲ್ಲಿ ಸುಧಾರಿಸಿದರೆ ಆಗುವ ಖರ್ಚಿಗೂ ಅಜಗಜಾಂತರ. ಆದರೆ ಬುತ್ತಿಯ ಭಾರವೆಲ್ಲ ಅಮ್ಮನ ತಲೆಯ ಮೇಲೇ ಬಿದ್ದರೆ ಅವಳಿಗೆ ಪ್ರವಾಸವೆಂದರೆ ಅಡುಗೆಮನೆ ಬದಲಾದಂತೆ ಅಷ್ಟೆ. ಹಿಂದಿನ ರಾತ್ರಿ ಚಪಾತಿ ಲಟ್ಟಿಸಲು ಅಪ್ಪ, ಕಟ್ಟಿಡಲು ಮಕ್ಕಳು ಕೈಜೋಡಿಸಬೇಕು.

ಧರ್ಮಸ್ಥಳ, ಶೃಂಗೇರಿ, ಹೊರನಾಡು, ಉಡುಪಿಗಳಂಥ ಕ್ಷೇತ್ರಗಳಿಗೆ ಹೋಗುವವರಿಗೆ ಅನ್ನದಾನದ ಪಂಕ್ತಿಯಿದೆ. ಲಕ್ಷಾಧೀಶನೂ ಕೂಲಿಯವನೂ ಒಂದೇ ಸಾಲಿನಲ್ಲಿ ಕೂರುವುದನ್ನು ಮಕ್ಕಳು ನೋಡುವುದು ಒಳ್ಳೆಯದೇ.

ಇಷ್ಟೂ ಆಗದ ಮನೆಗಳಿಗೆ ಭಾನುವಾರವಿದೆ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಪ್ರವಾಸಕ್ಕೆ ವಸತಿಯ ಲಕೋಟೆಯೇ ಬೇಡ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು ಹಾಸನದವರಿಗೆ, ಸೋಮನಾಥಪುರ ಮೈಸೂರಿನವರಿಗೆ ಕೂಗಳತೆಯಲ್ಲೇ ಇವೆ. ಹತ್ತಿರದಲ್ಲೇ ಇದ್ದು ನೋಡದವರೇ ಹೆಚ್ಚು.

ಲೆಕ್ಕ ಮಕ್ಕಳ ಕೈಯಲ್ಲಿ

ಮಕ್ಕಳಿಂದ ಹಣದ ವಿಷಯ ಮುಚ್ಚಿಡುವುದು ನಮ್ಮ ಮನೆಗಳ ವಾಡಿಕೆ. ‘ಅದು ಬೇಡ, ಇದು ಬೇಡ’ ಎನ್ನುವ ಅಪ್ಪ ಜಿಪುಣನಂತೆ ಕಾಣುವುದು ಇದರಿಂದಲೇ. ಅದರ ಬದಲು ಒಂದು ನೂರು ಪುಟದ ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟು, ದಿನದ ಖರ್ಚು ಬರೆಯುವ ಹೊಣೆ ವಹಿಸಿದರೆ ಚಿತ್ರವೇ ಬದಲಾಗುತ್ತದೆ. ಆಟಿಕೆ ಕೊಳ್ಳಲು ತಮ್ಮನಿಗೆ ಎರಡು ದಿನಕ್ಕೆ 100 ರೂಪಾಯಿ ಎಂದು ಮೊದಲೇ ಗೊತ್ತುಮಾಡಿದರೆ, ಮೊದಲ ಅಂಗಡಿಯಲ್ಲೇ ಹಟ ಹಿಡಿಯುವ ಹುಡುಗ ಮೂರನೆಯ ಅಂಗಡಿಯಲ್ಲಿ ಚೌಕಾಸಿಗೆ ನಿಲ್ಲುತ್ತಾನೆ. ಬಸ್ಸಿನ ವೇಳಾಪಟ್ಟಿ ಓದುವುದು, ದಾರಿ ಕೇಳುವುದು, ಅಜ್ಜಿಯ ಮಾತ್ರೆಯ ಹೊತ್ತು ನೆನಪಿಡುವುದು ಯಾವ ಟ್ಯೂಷನ್ನಿನಲ್ಲೂ ಹೇಳಿಕೊಡದ ಪಾಠಗಳು.

ಆ ನೋಟ್‌ಬುಕ್ಕನ್ನು ಮರಳಿ ಬಂದ ಮೇಲೆ ರದ್ದಿಗೆ ಹಾಕಬಾರದು. ಎಲ್ಲಿ ಹೆಚ್ಚು ಹೋಯಿತು, ಎಲ್ಲಿ ಉಳಿಯಿತು ಎಂಬುದು ಅದರಲ್ಲಿರುತ್ತದೆ. ಐದನೆಯ ಲಕೋಟೆ ಒಡೆಯದೆ ಉಳಿದಿದ್ದರೆ, ಮುಂದಿನ ವರ್ಷದ ಆರ್‌.ಡಿ.ಗೆ ಅದೇ ಮೊದಲ ಕಂತು.