ಟ್ರ್ಯಾಕ್‌ನಿಂದ ಕಾರ್ಯದರ್ಶಿಯ ಕುರ್ಚಿಗೆ

"ಓಡಿ ಏನು ಸಿಗ್ತದೆ? ಪುಸ್ತಕ ಹಿಡ್ಕೊಂಡು ಕೂತ್ಕೋ." ಶಾಲೆಯಲ್ಲಿ ಸ್ಪೋರ್ಟ್ಸ್ ಡೇ ಬಂದರೆ ನಮ್ಮ ಉಮ್ಮಂದಿರ ಬಾಯಲ್ಲಿ ಇದೇ ಮಾತು. ಓದು, ಓಟ ಎರಡೂ ಒಟ್ಟಿಗೆ ಆಗುವುದಿಲ್ಲ ಅಂತ ನಾವು ಮೊದಲೇ ತೀರ್ಮಾನ ಮಾಡಿ ಆಗಿದೆ.

ತಾಂಜಾನಿಯಾದ ಸುಲೈಮಾನ್ ನ್ಯಾಂಬುಯಿ ಅವರನ್ನು ಅಮೆರಿಕದ ಟೆಕ್ಸಾಸ್‌ನ ಎಲ್ ಪಾಸೊ ವಿಶ್ವವಿದ್ಯಾಲಯಕ್ಕೆ ಕರೆದೊಯ್ದದ್ದೇ ಓಟ. ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಕೂಟದಲ್ಲಿ 10,000 ಮೀಟರ್ ಓಟವನ್ನು 1979ರಿಂದ 1982ರವರೆಗೆ ಸತತ 4 ವರ್ಷ ಅವರೇ ಗೆದ್ದರು. ನಡುವೆ 1980ರ ಮಾಸ್ಕೋ ಒಲಿಂಪಿಕ್ಸ್. ಅವರು ಓದುತ್ತಿದ್ದ ಅಮೆರಿಕ ಅದನ್ನು ಬಹಿಷ್ಕರಿಸಿತು, ಅವರ ತಾಂಜಾನಿಯಾ ಹೋಯಿತು. 5,000 ಮೀಟರ್ ಅಂದರೆ ಹನ್ನೆರಡೂವರೆ ಸುತ್ತು. ಅಷ್ಟು ಓಡಿ, ಇಥಿಯೋಪಿಯಾದ ಮಿರುಟ್ಸ್ ಯಿಫ್ಟರ್ ಅವರಿಗಿಂತ ಒಂದು ಸೆಕೆಂಡೂ ಪೂರ್ತಿ ಇಲ್ಲದಷ್ಟು ಹಿಂದೆ ಬಿದ್ದು ಬೆಳ್ಳಿ ತಂದರು. ಮತ್ತೆ 1987 ಮತ್ತು 1988ರಲ್ಲಿ ಬರ್ಲಿನ್ ಮ್ಯಾರಥಾನ್ ಗೆದ್ದರು.

ನಮಗೆ ಮುಖ್ಯ ಅನಿಸಿದ್ದು ಇದರ ನಂತರದ್ದು. ಅವರು ಕೋಚ್ ಆದರು, ದೂರದ ಬ್ರೂನೈಯಲ್ಲೂ ಕಲಿಸಿದರು. ತಾಂಜಾನಿಯಾದ ಅಥ್ಲೆಟಿಕ್ಸ್ ಸಂಸ್ಥೆಗೆ ಕಾರ್ಯದರ್ಶಿಯೂ ಆದರು. ಇದು ಸುಲಭದ ಕುರ್ಚಿ ಅಲ್ಲ ಮಾರಾಯ್ರೆ. ಓಡುವವನಿಗೆ ಚಪ್ಪಾಳೆ, ಕಾರ್ಯದರ್ಶಿಗೆ ದೂರು. ಯಾರನ್ನು ಆರಿಸಬೇಕು, ಶಿಬಿರ ಎಲ್ಲಿ, ಪ್ರಯಾಣಕ್ಕೆ ಹಣ ಎಲ್ಲಿಂದ ಅಂತ ತಲೆ ಕೆಡಿಸಿಕೊಳ್ಳಬೇಕು. 2012ರ ಲಂಡನ್ ಒಲಿಂಪಿಕ್ಸ್‌ನಿಂದ ತಂಡ ಬರಿಗೈಯಲ್ಲಿ ಬಂದರೆ ಜನ ಕೇಳುವುದು ಕುರ್ಚಿಯಲ್ಲಿ ಕೂತವರನ್ನೇ. ಬೆಳ್ಳಿ ಪದಕ ಗೋಡೆಗೆ ತೂಗುಹಾಕಿ ಆರಾಮವಾಗಿ ಇರಬಹುದಿತ್ತು.

ನಮ್ಮಲ್ಲೂ ಕಾಲೇಜು ಕಾಲದಲ್ಲಿ ಚೆನ್ನಾಗಿ ಓಡಿದವರು ಉಂಟು. ಕೆಲವರು ಗಲ್ಫಿನಲ್ಲಿ, ಕೆಲವರು ಅಂಗಡಿಯ ಗಲ್ಲದಲ್ಲಿ. ಊರಲ್ಲಿ ಇರುವವರು ಭಾನುವಾರ ಬೆಳಿಗ್ಗೆ ಒಂದು ಗಂಟೆ ಶಾಲಾ ಮೈದಾನಕ್ಕೆ ಬಂದು, ಉಸಿರು ಹೇಗೆ ಹಿಡಿಯುವುದು, ಮೊದಲ ಸುತ್ತಲ್ಲೇ ಯಾಕೆ ಜೋರಾಗಿ ಓಡಬಾರದು ಅಂತ ಮಕ್ಕಳಿಗೆ ಹೇಳಿಕೊಟ್ಟರೂ ದೊಡ್ಡ ಉಪಕಾರ.

ಮಾಸ್ಕೋದಲ್ಲಿ ತಾಂಜಾನಿಯಾಕ್ಕೆ ಸಿಕ್ಕಿದ್ದು 2 ಪದಕ. ಇನ್ನೊಂದು ಬೆಳ್ಳಿ ಸ್ಟೀಪಲ್‌ಚೇಸ್‌ನಲ್ಲಿ ಫಿಲ್ಬರ್ಟ್ ಬಾಯಿ ಅವರದ್ದು. 2025ರಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದೇ ನಾಡಿನ ಆಲ್ಫೋನ್ಸ್ ಸಿಂಬು ಮ್ಯಾರಥಾನ್ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಮಾತ್ರ ಆ 2 ಪದಕಗಳ ಪಕ್ಕಕ್ಕೆ ಮೂರನೆಯದು ಇನ್ನೂ ಬಂದಿಲ್ಲ.